ಉಳಿದ ಒಂಬತ್ತು ಕುದುರೆಗಳು

ಜೂನ್ 4

ಪ್ರೀತಿಯ ಬೋಲ್ಟುವಿಗೆ,

ಐ ಬೆಗ್ ಟು ಸ್ಟೇಟ್ ದಟ್... ನೋಡು, ಮೂವತ್ತೊಂದು ವರ್ಷ ಮಾತು ಬಿಟ್ಟ ಮೇಲೆ ನಿನಗೆ ಕಾಗದ ಬರೆಯಲು ಕೂತರೆ ಪೆನ್ನು ತಾನಾಗಿಯೇ ಅರ್ಜಿ ಬರೆಯಲು ಹೊರಡುತ್ತದೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು ಅರ್ಜಿಯ ಮೊದಲ ಸಾಲು, ಕೊನೆಯ ಸಾಲು. ನಡುವಿನದನ್ನು ಗೆದ್ದಲು ತಿಂದಿದೆ.

ನಿನ್ನ ವಿಳಾಸ ಸಿಕ್ಕಿದ್ದು ನಿನ್ನ ಅಕ್ಕನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ. ಸೀಟ್ ಕವರಿನ ಅಳತೆ ಬರೆದಿಡುತ್ತಿದ್ದಳಲ್ಲ, ಅಂಥದೇ ಒಂದು ಚೀಟಿಯ ಹಿಂಬದಿಯಲ್ಲಿ, ಅವಳದೇ ಅಕ್ಷರದಲ್ಲಿ. ಅವಳು ಹೋದ ಸುದ್ದಿಯನ್ನು ನನಗೆ ಗೊತ್ತಿದ್ದ ಹಳೆಯ ವಿಳಾಸಕ್ಕೆ ಬರೆದಿದ್ದೆ. 'ಈ ವಿಳಾಸದಲ್ಲಿ ಇಲ್ಲ' ಎಂಬ ಮುದ್ರೆ ಹೊತ್ತು ಕಾಗದ ಮನೆಗೇ ಬಂತು. ಬರುವ ತಿಂಗಳಿಗೆ ಎರಡು ವರ್ಷವಾಗುತ್ತದೆ. ಹೊಸ ವಿಳಾಸ ಅವಳ ಹತ್ತಿರ ಇತ್ತು, ನನಗೆ ಹೇಳಿರಲಿಲ್ಲ. ಇರಲಿ, ಆ ಮಾತು ಬೇಡ. ಫೋನು ಮಾಡೋಣವೆಂದರೆ ನಂಬರ್ ಇಲ್ಲ. ಇದ್ದಿದ್ದರೂ ಮಾಡುತ್ತಿರಲಿಲ್ಲ. ನಾವಿಬ್ಬರೂ ಬಾಯಿ ತೆರೆದರೆ ಹಲೋ ಮುಗಿಯುವ ಮೊದಲೇ ಜಗಳ ಶುರುವಾಗುತ್ತದೆ.

ವಿಷಯ ಏನೆಂದರೆ ಕಾರು. ಹಳೆಯ ಗಾಡಿಗಳಿಗೆಲ್ಲ ತಪಾಸಣೆ ಎಂದು ಹೊಸ ನಿಯಮ ಬಂದಿದೆ. ಮೊನ್ನೆ ಒಬ್ಬ ಹುಡುಗಿ ಬಂದಿದ್ದಳು, ಇನ್‌ಸ್ಪೆಕ್ಟರಂತೆ. ಬಾನೆಟ್ ಎತ್ತಿದವಳು ಹಾಗೇ ನಿಂತಳು.

"ಯಜಮಾನ್ರೇ, ಇದೇನಿದು? ಒಂದು ಮುಖಕ್ಕೆ ಎರಡು ಮೂಗು!"

"ಅದು ಕಾರ್ಬುರೇಟರ್ ಕಣಮ್ಮ. ಎರಡನೇದು ನನ್ನ ಬಾಮೈದ ಕೂರಿಸಿದ್ದು."

"ಇಂಜಿನ್ನಿಗೆ ಕೈ ಹಾಕಿದ್ದಾರೆ ಅಂದ್ಮೇಲೆ ಈಗ ಅದು ಎಷ್ಟು ಹಾರ್ಸ್ ಪವರ್, ಹೇಗೆ ಅಂದಾಜು ಮಾಡಿದ್ರಿ, ಎಲ್ಲಾ ಫಾರಮ್ಮಲ್ಲಿ ಬರೆದು ಅವರ ಸಹಿ ಹಾಕಿಸಿ. ಆಗಸ್ಟ್ ಮೂವತ್ತೊಂದು ಕೊನೇ ದಿನ. ದಾಟಿದ್ರೆ ಗುಜರಿ."

"ಅವನು ನನ್ನ ಜೊತೆ ಮಾತಾಡಲ್ಲಮ್ಮ."

"ಮಾತು ಯಾರಿಗೆ ಬೇಕು ಯಜಮಾನ್ರೇ, ಸಹಿ ಹಾಕಿದ್ರೆ ಸಾಕು."

ಆ ಕಾರು ಗುಜರಿಗೆ ಹೋದರೆ ನನಗೆ ಏನು ಉಳಿಯುತ್ತದೆ ಹೇಳು. ಹಿಂದಿನ ಸೀಟಿಗೆ ಅವಳು ಹೊಲಿದ ನೀಲಿ ಕವರು ಇನ್ನೂ ಹಾಗೇ ಇದೆ. ಮುಂದೆ ಕೂರು ಎಂದರೆ ಯಾವತ್ತೂ ಕೂರಲಿಲ್ಲ. 'ಮುಂದೆ ಕೂತ್ರೆ ಎದುರಿಗೆ ಬರೋ ಲಾರಿಗಳೆಲ್ಲ ನನ್ನನ್ನೇ ನೋಡ್ತಾವೆ' ಎನ್ನುತ್ತಿದ್ದಳು. ಬೆಳಿಗ್ಗೆ ಶೆಡ್ಡಿಗೆ ಹೋಗಿ ಬಾಗಿಲು ತೆಗೆದು ಐದು ನಿಮಿಷ ಮುಂದಿನ ಸೀಟಿನಲ್ಲಿ ಕೂತು ಬರುತ್ತೇನೆ. ಹಿಂದೆ ತಿರುಗಿ ನೋಡುವುದಿಲ್ಲ, ಅಷ್ಟೆ.

ಫಾರಂ ಇದರೊಳಗಿದೆ. ನಲವತ್ತೊಂದು ಎಂದು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ನೀನು ಸಹಿ ಹಾಕಿ ಕಳಿಸು.

ಯುವರ್ಸ್ ಫೇತ್‌ಫುಲಿ ಎಂದು ಬರೆಯಬೇಕು. ಅದೂ ಅರ್ಜಿಯದೇ.

ನಿನ್ನ ಭಾವ


ಜೂನ್ 19

ಭಾವನವರಿಗೆ,

ಫಾರಂ ವಾಪಸ್ ಕಳಿಸಿದ್ದೇನೆ. ನಲವತ್ತೊಂದಕ್ಕೆ ಸಹಿ ಹಾಕುವುದಿಲ್ಲ. ಅರವತ್ತು ಎಂದು ಬರೆದು ಕಳಿಸಿ, ಹಾಕುತ್ತೇನೆ.

ಸಿಲಿಂಡರುಗಳನ್ನು ಎರಡು ಮಿಲಿಮೀಟರ್ ಅಗಲ ಮಾಡಿಸಿದೆ. ಸಿಲಿಂಡರಿನ ಮೇಲಿನ ಹೆಡ್ಡನ್ನು ಉಜ್ಜಿಸಿ ಮಟ್ಟ ಮಾಡಿಸಿದೆ. ಗಾಳಿ ಹೋಗುವ ದಾರಿಗಳನ್ನು ಕೈಯಾರೆ ಉಜ್ಜಿ ಕನ್ನಡಿ ಮಾಡಿದೆ. ಎರಡನೇ ಕಾರ್ಬುರೇಟರ್ ಕೂರಿಸಿದೆ. ಆರು ತಿಂಗಳ ಭಾನುವಾರಗಳು. ಇಂಜಿನ್ನಿನ ಪ್ಲೇಟಿನ ಮೇಲೆ ನಲವತ್ತೆರಡು ಎಂದಿತ್ತು. ಇಷ್ಟೆಲ್ಲ ಮಾಡಿದ ಮೇಲೆ ನಿಮ್ಮ ಲೆಕ್ಕದಲ್ಲಿ ನಲವತ್ತೊಂದಾಯಿತು. ಇದ್ದ ಒಂದು ಕುದುರೆ ಎಲ್ಲಿಗೆ ಹೋಯಿತು ಭಾವ, ಹುಲ್ಲು ಮೇಯುವುದಕ್ಕೋ?

ಬೋಲ್ಟು


ಜೂನ್ 28

ಬೋಲ್ಟು,

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. ಅದೇ ಕ್ರಮದಲ್ಲಿ ಬಂದದ್ದರಿಂದ ಮನೆಯ ಪಾತ್ರೆಗಳು ಉಳಿದುಕೊಂಡವು.

ಹಳೆಯ ನೋಟ್‌ಬುಕ್ ತೆಗೆದೆ. ರೈಲು ಹಳಿಯ ಪಕ್ಕದ ನೇರ ರಸ್ತೆ, ಬೆಳಗಿನ ಏಳು ಗಂಟೆ, ಎದುರಿಗೆ ಒಂದು ನಾಯಿಯೂ ಇಲ್ಲ. ನೀನು ಸ್ಟಿಯರಿಂಗ್ ಹಿಡಿದಿದ್ದೆ. ಪಕ್ಕದಲ್ಲಿ ನಾನು ವೇಗದ ಮುಳ್ಳು ನೋಡುತ್ತಿದ್ದೆ. ಹಿಂದೆ ನಿನ್ನ ಅಕ್ಕ, ಶಾಲೆಯ ಆಟದ ಮೇಷ್ಟ್ರಿಂದ ಕೇಳಿ ತಂದ ಸ್ಟಾಪ್‌ವಾಚನ್ನು ಎರಡೂ ಕೈಯಲ್ಲಿ ಹಿಡಿದು, ಮಗು ಎತ್ತಿಕೊಂಡವಳ ಹಾಗೆ. ಅವಳು "ಹೂಂ" ಎಂದು ಒತ್ತಿದರೆ ನೀನು ಹೊರಡಬೇಕು. ಎಂಬತ್ತು ಕಿಲೋಮೀಟರ್ ಮುಟ್ಟಿದ ಕೂಡಲೇ ನಾನು ಕೂಗಬೇಕು. ಅವಳು ಮತ್ತೆ ಒತ್ತಬೇಕು. ಮೂರು ಓಟ. ಎಂಟು ಪಾಯಿಂಟ್ ಒಂದು, ಎಂಟು, ಏಳು ಪಾಯಿಂಟ್ ಒಂಬತ್ತು. ಆ ಅಂಕಿಗಳನ್ನು ನೋಡಿದರೆ ಈಗಲೂ ಹೆಮ್ಮೆ. ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ. ಎಂಥ ಕೈ ಅವಳದು!

ಲೆಕ್ಕ ಹಾಫ್ ಎಂ ವಿ ಸ್ಕ್ವೇರ್. ತೂಕದ ಅರ್ಧವನ್ನು ವೇಗದಿಂದ ಎರಡು ಸಲ ಗುಣಿಸಿ, ಹಿಡಿದ ಸೆಕೆಂಡಿನಿಂದ ಭಾಗಿಸಿ, ಕುದುರೆಗೆ ಏಳುನೂರ ನಲವತ್ತಾರರಂತೆ ಹಂಚುವುದು. ಕಾರು ಎಂಟುನೂರು ಕೆ.ಜಿ., ಅದನ್ನು ಲಾರಿ ತೂಗುವ ಕಡೆ ನಾನೇ ನಿಂತು ತೂಗಿಸಿದ್ದೆ. ನೀನು ಅರವತ್ತೈದು, ನಾನು ಎಪ್ಪತ್ತು, ಅವಳು ನಲವತ್ತೆಂಟು. ಮನುಷ್ಯರದು ಅವರವರು ಹೇಳಿದಂತೆ. ಹೆಂಗಸರನ್ನು ತಕ್ಕಡಿ ಹತ್ತಿಸುವುದು ಮರ್ಯಾದೆಯಲ್ಲ. ದೇರ್‌ಫೋರ್ ನಲವತ್ತೊಂದು. ಕ್ಯೂ ಇ ಡಿ.

ಪ್ಲೇಟಿನ ಮೇಲಿದ್ದದ್ದು ಬರೀ ಹಾರ್ಸ್ ಪವರ್ ಅಲ್ಲ, 'ಬ್ರೇಕ್ ಹಾರ್ಸ್ ಪವರ್' ನಲವತ್ತೆರಡು. ನೀನು ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನು, ನಿನಗೆ ಆಗಲೂ ಬಿಡಿಸಿ ಹೇಳಿದ್ದೆ. ಬ್ರೇಕು ಎಲ್ಲಿರುತ್ತದೆ? ಚಕ್ರದಲ್ಲಿ. ಅಂದರೆ ಬ್ರೇಕ್ ಹಾರ್ಸ್ ಪವರ್ ಎಂದರೆ ಚಕ್ರಕ್ಕೆ ಬಂದು ಮುಟ್ಟಿದ ಕುದುರೆಗಳು. ನಾನು ಅಳೆದದ್ದೂ ಚಕ್ರದ್ದೇ. ಸೇರಿಗೆ ಸೇರು ಸರಿಹೋಯಿತಲ್ಲ.

ರೇಸಿನ ಗ್ಯಾರೇಜಿನ ಧಣಿ ಕಾರನ್ನು ಅಳೆದುಕೊಡಲು ನನ್ನನ್ನೇ ಕೇಳಿದ್ದೇಕೆ? ನಾನು ತೂಕ-ಅಳತೆ ಕಚೇರಿಯವನು ಎಂದು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಗೆ ಮುದ್ರೆ ಹೊಡೆಯುವ ಕೈ ಸುಳ್ಳು ಬರೆಯುವುದಿಲ್ಲ ಎಂದು. ಐವತ್ತೈದರ ಮೇಲಿದ್ದರೆ ನಿನ್ನನ್ನು ಡ್ರೈವರಾಗಿ, ಮೆಕ್ಯಾನಿಕ್ಕಾಗಿ ಸೇರಿಸಿಕೊಳ್ಳುತ್ತೇನೆ ಎಂದಿದ್ದ. ಬಂದದ್ದನ್ನು ಬರೆದುಕೊಟ್ಟೆ. ನೀನು ನನ್ನ ಹೆಂಡತಿಯ ತಮ್ಮ ಎಂದು ಹತ್ತೊಂಬತ್ತು ಕುದುರೆ ಹೆಚ್ಚಿಗೆ ತೂಗಲು ನನಗೆ ಬರುತ್ತಿರಲಿಲ್ಲ.

ಆಮೇಲೆ ನೀನು ಊರು ಬಿಟ್ಟೆ. ಅದನ್ನು ನಾನು ಬರೆದುಕೊಟ್ಟಿರಲಿಲ್ಲ.

ಭಾವ


ಜುಲೈ 9

ಭಾವ,

ಹನ್ನೆರಡು ವರ್ಷದಿಂದ ನಾನು ಇಂಜಿನ್ ಪರೀಕ್ಷೆ ಮಾಡುವ ಶೆಡ್ಡಿನಲ್ಲಿದ್ದೇನೆ. ಇಂಜಿನ್ನನ್ನು ಕಾರಿನಿಂದ ಇಳಿಸಿ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿಯುತ್ತೇವೆ. ಅದರ ತಿರುಗುವ ದಂಡಕ್ಕೆ ಒಂದು ದೊಡ್ಡ ಬ್ರೇಕ್ ಕಟ್ಟುತ್ತೇವೆ. ಅದು ಹಿಡಿದಾಗ ಇಂಜಿನ್ ಎಷ್ಟು ಜಗ್ಗುತ್ತದೆ ಎಂದು ನೋಡುತ್ತೇವೆ. ಪ್ಲೇಟಿನ ಮೇಲಿದ್ದದ್ದು ಆ ಬ್ರೇಕು. ಚಕ್ರದ ಬ್ರೇಕಲ್ಲ.

ಪ್ಲೇಟಿನಲ್ಲಿದ್ದದ್ದು ಇಂಜಿನ್ನಿನ ಕುದುರೆ. ನೀವು ಎಣಿಸಿದ್ದು ಚಕ್ರದ ಕುದುರೆ. ಗೇರು, ದಂಡ, ಟೈರು ಎಲ್ಲ ದಾಟಿ ಬರುವಷ್ಟರಲ್ಲಿ ಐದರಲ್ಲಿ ಒಂದು ಭಾಗ ದಾರಿಯಲ್ಲೇ ಸೋರುತ್ತದೆ. ಚಕ್ರದಲ್ಲಿ ನಲವತ್ತೊಂದು ಎಂದರೆ ಇಂಜಿನ್ನಿನಲ್ಲಿ ಐವತ್ತೊಂದು.

ಆವತ್ತು ನನಗೂ ಗೊತ್ತಿರಲಿಲ್ಲ. ಕಾಲೇಜು ಓದಿದವರು ಹೇಳುತ್ತಿದ್ದಾರೆ, ಇರಬಹುದು ಎಂದುಕೊಂಡೆ.

ಉಳಿದ ಒಂಬತ್ತು ಕುದುರೆಗಳ ಬಗ್ಗೆ ಕೇಳಬೇಡಿ. ಐವತ್ತೊಂದು ಎಂದೇ ಬರೆದುಕೊಳ್ಳಿ. ಸಹಿ ಹಾಕುತ್ತೇನೆ.

ಬೋಲ್ಟು


ಜುಲೈ 17

ಬೋಲ್ಟಪ್ಪಾ,

ಮೂರು ದಿನ ಲೈಬ್ರರಿಯಲ್ಲಿ ಕೂತೆ. ದಪ್ಪ ಇಂಗ್ಲಿಷ್ ಡಿಕ್ಷನರಿಯಲ್ಲಿ ಬ್ರೇಕಿಗೆ ಹತ್ತು ಅರ್ಥ ಕೊಟ್ಟಿದ್ದಾರೆ. ನಾಲ್ಕನೆಯದು ನಿನ್ನದು. ಹತ್ತರಲ್ಲಿ ಯಾವುದೂ ನನ್ನದಲ್ಲ. ಲೈಬ್ರರಿಯಮ್ಮ ಬಂದು "ಏನ್ ಸಾರ್, ಕನ್ನಡಕ ಮರೆತು ಬಂದ್ರಾ?" ಎಂದಳು. ಇಲ್ಲಮ್ಮ, ಮೂವತ್ತೊಂದು ವರ್ಷ ಮರೆತಿದ್ದೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಪಾಪ, ನೀರು ತಂದುಕೊಟ್ಟಳು.

ತಪ್ಪಾಯಿತು. ಎಕ್ಸ್‌ಕ್ಯೂಸ್ ಮಿ ಅನ್ನುವುದು ದಾರಿ ಬಿಡಿ ಎನ್ನಲಿಕ್ಕೂ ಆಗುತ್ತದೆ, ಅದಕ್ಕೆ ಕನ್ನಡದಲ್ಲೇ ಬರೆದಿದ್ದೇನೆ. ಆ ಧಣಿಗೆ ಕೊಟ್ಟ ಕಾಗದಕ್ಕೆ ಕಚೇರಿಯ ಮುದ್ರೆಯನ್ನೂ ಒತ್ತಿದ್ದೆ. ಯಾರೂ ಕೇಳಿರಲಿಲ್ಲ, ಒತ್ತಿದೆ. ಹೆಂಡತಿಯ ತಮ್ಮನ ವಿಷಯದಲ್ಲೂ ನಾನು ಎಷ್ಟು ನೆಟ್ಟಗಿದ್ದೇನೆ ನೋಡಿ ಎಂಬ ಜಂಬ ಇರಬೇಕು.

ಪೆನ್ಸಿಲ್ ಅಳಿಸಿ ಐವತ್ತೊಂದು ಬರೆದೆ. ಆದರೆ ಕೈ ಅಲ್ಲೇ ನಿಂತಿತು. ಕೇಳಬೇಡಿ ಎಂದರೆ ಕೇಳದೆ ಇರುವ ಜಾತಿಯೇ ನಾನು? ಒಂಬತ್ತು ಕುದುರೆ ಎಂದರೆ ಒಂದು ಲಾಯ! ಡಿಕ್ಕಿಯಲ್ಲಿ ನನಗೆ ಹೇಳದೆ ಟೂಲ್ ಬಾಕ್ಸ್ ಇಟ್ಟಿದ್ದೆಯಾ? ಆಕ್ಸಿಲರೇಟರ್ ಪೂರ್ತಿ ಒತ್ತಲಿಲ್ಲವಾ? ಅಥವಾ ಅಕ್ಕ-ತಮ್ಮ ನನ್ನ ಬೆನ್ನ ಹಿಂದೆ ಕಾಗದ ಬರೆದುಕೊಂಡು ನನ್ನ ಲೆಕ್ಕವನ್ನು ಆಡಿಕೊಂಡು ನಗುತ್ತಿದ್ದಿರಾ?

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕೊನೆಯ ವಾರ, ಆಸ್ಪತ್ರೆಯಲ್ಲಿ, ಜ್ವರದಲ್ಲಿ ಏನೇನೋ ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಕಣ್ಣು ಬಿಟ್ಟು ಕೇಳಿದಳು.

"ರೀ, ಎಂಟು ಸೆಕೆಂಡು ಅಂತ ಬರೆದ್ರಲ್ಲ, ಅದನ್ನ ಅಳಿಸೋಕಾಗತ್ತಾ?"

"ಇಂಕಿನಲ್ಲಿ ಬರೆದದ್ದನ್ನ ಅಳಿಸಬಾರದು ಕಣೇ," ಎಂದೆ, ತಮಾಷೆಗೆ.

"ಹೂಂ," ಎಂದಳು. ಗೋಡೆಯ ಕಡೆ ತಿರುಗಿದಳು. ಜ್ವರದ ಬಡಬಡಿಕೆ ಎಂದುಕೊಂಡು ಬಟ್ಟೆ ಒದ್ದೆ ಮಾಡಿ ಹಣೆಗಿಟ್ಟೆ.

ಆಗ ನೀನು ಇರಬೇಕಿತ್ತು. ನೀನು ಬರಲಿಲ್ಲ.

ಭಾವ


ಆಗಸ್ಟ್ 2

ಬೋಲ್ಟು,

ಹದಿನಾರು ದಿನವಾಯಿತು, ಉತ್ತರವಿಲ್ಲ. ಬರಲಿಲ್ಲ ಎಂದು ಬರೆದದ್ದು ಹೆಚ್ಚಾಯಿತೇನೋ. ಬರೆದದ್ದಂತೂ ಬರೆದೆ.

ನಿನ್ನೆ ಆ ಹುಡುಗಿ ಬಂದು ಮುಂದಿನ ಗಾಜಿಗೆ 'ಮೂವತ್ತೊಂದು ದಾಟಿದರೆ ಗುಜರಿ' ಎಂಬ ಕೆಂಪು ಚೀಟಿ ಅಂಟಿಸಿದಳು. "ಬೇಜಾರು ಮಾಡ್ಕೋಬೇಡಿ ಯಜಮಾನ್ರೇ, ನನ್ನ ಕೆಲಸ" ಎಂದಳು. ನಾನೂ ಅದನ್ನೇ ಹೇಳಿಕೊಂಡು ಬದುಕಿದವನು, ಏನು ಅನ್ನಲಿ? ಗುಜರಿಯವನು ಬಂದು ಅಳತೆ ತೆಗೆದುಕೊಂಡು ಹೋದ. ನೀಲಿ ಕವರಿನ ಮೇಲೆ ಕೈಯಾಡಿಸಿ "ಇದು ಬೇಕಾದ್ರೆ ನೀವೇ ಇಟ್ಕೊಳ್ಳಿ" ಎಂದ. ಉದಾರಿ.

ಒಂಬತ್ತು ಕುದುರೆ ಎಲ್ಲಿದ್ದರೂ ಇರಲಿ. ಒಂದು ಸಾಲು ಬರೆ.

ಭಾವ


ಆಗಸ್ಟ್ 8

ಭಾವ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಹರಿಯುವುದಿಲ್ಲ.

ಅದು ಜ್ವರದ ಮಾತಲ್ಲ.

ಮೂರನೇ ಓಟದಲ್ಲಿ ನಾನು ಕನ್ನಡಿ ನೋಡಿದೆ. ನೀವು "ಎಂಬತ್ತು!" ಎಂದು ಕೂಗಿದಿರಿ. ಅಕ್ಕನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಹೊಲಿಗೆ ಎಣಿಸುವಾಗ ಅವಳ ತುಟಿ ಹೇಗೆ ಅಲ್ಲಾಡುತ್ತಿತ್ತೋ, ಹಾಗೆ ಅಲ್ಲಾಡಿತು. ಒಂದು. ಆಮೇಲೆ ಒತ್ತಿದಳು. ಮೂರೂ ಅಂಕಿ ಒಂದೇ ಅಚ್ಚಿನಲ್ಲಿದ್ದದ್ದು ಅದಕ್ಕೇ. ಮೂರೂ ಸಲ ಒಂದೊಂದು ಸೆಕೆಂಡು ಸೇರಿಸಿದ್ದಳು.

ಊರು ಬಿಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ.

"ಯಾಕಕ್ಕಾ ಹಾಗೆ ಮಾಡಿದೆ?"

ಸುಳ್ಳು ಹೇಳಲಿಲ್ಲ ಅವಳು. "ಆ ಧಣಿಯ ಮೊದಲಿನ ಡ್ರೈವರು ಊರುಗೋಲು ಹಿಡ್ಕೊಂಡು ಓಡಾಡೋದು ನೋಡಿದ್ದೀಯಲ್ಲೋ. ಅಮ್ಮ ಹೋಗೋವಾಗ ನಿನ್ನ ಕೈ ನನ್ನ ಕೈಲಿಟ್ಟು ಹೋದ್ಲು. ನಾನು ಯಾರಿಗೆ ಉತ್ತರ ಕೊಡ್ಲಿ?"

"ಭಾವನಿಗೆ ಹೇಳ್ತೀನಿ."

"ಹೇಳಬೇಡ ಕಣೋ. ತಕ್ಕಡಿಗೆ ಮೋಸ ಮಾಡಿದೋರನ್ನ ಅವರು ಕ್ಷಮಿಸಲ್ಲ. ನಾನು ಆ ಮನೇಲಿ ಬಾಳಬೇಕು."

ಕೆಲಸ ಸಿಗದಿದ್ದರೆ ನಾನು ಊರಲ್ಲೇ ಉಳಿಯುತ್ತೇನೆ ಎಂದುಕೊಂಡಿದ್ದಳು. ನಾನು ಸಿಕ್ಕಿದ ಮೊದಲ ಬಸ್ಸು ಹತ್ತಿದೆ. ಅವಳ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಯಾರ ಮೇಲಾದರೂ ಮಾಡಬೇಕಲ್ಲ, ನಿಮ್ಮ ಮೇಲೆ ಮಾಡಿದೆ. ಸುಲಭವಾಯಿತು.

ನಾವು ಯಾರನ್ನೂ ಆಡಿಕೊಂಡು ನಗಲಿಲ್ಲ. ವರ್ಷಕ್ಕೆ ಒಂದು ಕಾಗದ ಬರೆಯುತ್ತಿದ್ದಳು. ಕೊನೆಯ ಸಾಲು ಯಾವಾಗಲೂ ಅದೇ: 'ಕಾರು ಚೆನ್ನಾಗಿ ಓಡುತ್ತಿದೆ, ಒಂದು ಸಲ ಬಂದು ನೋಡು.' ನಾನು ಬರಲಿಲ್ಲ. ಹೋದ ವರ್ಷದ ಹಿಂದಿನ ವರ್ಷ ಕಾಗದ ಬರಲಿಲ್ಲ. ಬಾರದೆ ಇದ್ದದ್ದೇ ಸುದ್ದಿ ಎಂದು ಗೊತ್ತಾಯಿತು.

ಸತ್ತವಳ ಮೇಲೆ ಚಾಡಿ ಹೇಳಿದಂತಾಯಿತು. ಕ್ಷಮಿಸುವುದಾದರೆ ಅವಳನ್ನು ಕ್ಷಮಿಸಿ. ಫಾರಮ್ಮಿನಲ್ಲಿ ಏನು ಬರೆದು ಕಳಿಸಿದರೂ ಸಹಿ ಹಾಕುತ್ತೇನೆ.

ಬೋಲ್ಟು


ಆಗಸ್ಟ್ 16

ಬೋಲ್ಟು,

ನಿನ್ನ ಕಾಗದ ಶೆಡ್ಡಿನಲ್ಲಿ ಕೂತು ಓದಿದೆ. ಓದಿ ಮುಗಿಸಿ, ಎರಡು ವರ್ಷದಲ್ಲಿ ಮೊದಲ ಸಲ, ಹಿಂದಕ್ಕೆ ತಿರುಗಿ ನೋಡಿದೆ.

ಒಂದು ಸಲ ಅವಳು ನೋಡುತ್ತಿದ್ದ ಹಾಗೇ ಸಂತೆಯಲ್ಲಿ ಒಬ್ಬ ಮುದುಕಿಯ ತಕ್ಕಡಿ ಮುರಿಸಿ ಹಾಕಿದ್ದೆ. ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸಿದ್ದಳು ಎಂದು. ನಮಗೆ ಮದುವೆಯಾಗಿ ಆರು ತಿಂಗಳಾಗಿತ್ತು. ಮನೆಗೆ ಬರುವವರೆಗೂ ಮಾತಾಡಲಿಲ್ಲ ನಿನ್ನ ಅಕ್ಕ. ನನ್ನ ನ್ಯಾಯ ನೋಡಿ ಬೆರಗಾಗಿದ್ದಾಳೆ ಎಂದುಕೊಂಡಿದ್ದೆ. ಹೆದರಿದ್ದಳು ಎಂದು ಇವತ್ತು ಗೊತ್ತಾಯಿತು. ರೈಲು ಹಳಿಯ ರಸ್ತೆಗೆ ಬಂದಾಗಲೆಲ್ಲ "ಆ ಕಡೆ ಬೇಡ ರೀ, ಧೂಳು" ಎನ್ನುತ್ತಿದ್ದಳು. ಡಾಂಬರು ಹಾಕಿ ಇಪ್ಪತ್ತು ವರ್ಷವಾಗಿತ್ತು. ನಾನು ಹೂಂ ಎಂದು ಗಾಡಿ ತಿರುಗಿಸುತ್ತಿದ್ದೆ.

ಸಿಟ್ಟು ಬಂತಾ ಎಂದು ಕೇಳುತ್ತೀಯ. ಬಂತು. ಅರ್ಧ ಗಂಟೆ ಇತ್ತು. ಆಮೇಲೆ ಒಂದು ಕೆಲಸ ಮಾಡಿದೆ. ಇಂಕಿನಲ್ಲಿ ಬರೆದದ್ದನ್ನು ಅಳಿಸಬಾರದು, ನಿಜ. ಆದರೆ ಅಡ್ಡಗೆರೆ ಹೊಡೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಸಹಿ ಹಾಕಬಹುದು. ಕಚೇರಿಯ ನಿಯಮವೇ ಹಾಗೆ. ಸಾವಿರ ಸಲ ಮಾಡಿದ್ದೇನೆ. ಆವತ್ತು ಆಸ್ಪತ್ರೆಯಲ್ಲಿ ಅವಳಿಗೆ ಇಷ್ಟು ಹೇಳಬಹುದಿತ್ತು, ಹೊಳೆಯಲಿಲ್ಲ. ನೋಟ್‌ಬುಕ್ ತೆಗೆದು ಎಂಟು ಪಾಯಿಂಟ್ ಒಂದು, ಎಂಟು, ಏಳು ಪಾಯಿಂಟ್ ಒಂಬತ್ತು ಮೂರನ್ನೂ ಹೊಡೆದೆ. ಏಳು ಪಾಯಿಂಟ್ ಒಂದು, ಏಳು, ಆರು ಪಾಯಿಂಟ್ ಒಂಬತ್ತು ಎಂದು ಬರೆದೆ. ಸಹಿ ಹಾಕಿದೆ.

ದಾರಿಯಲ್ಲಿ ಸೋರಿದ್ದನ್ನೂ ಸೇರಿಸಿ ಹೊಸ ಲೆಕ್ಕ ಐವತ್ತೆಂಟು. ಆ ಧಣಿ ಕೇಳಿದ್ದಕ್ಕಿಂತ ಮೂರು ಹೆಚ್ಚು. ಕೆಲಸ ನಿನ್ನದಾಗಿತ್ತು ಕಣೋ.

ಆದರೂ ನೀನು ಹೇಳುವ ಅರವತ್ತಕ್ಕೆ ಎರಡು ಕುದುರೆ ಕಡಿಮೆ ಇವೆ. ಅವು ನಿನ್ನ ಬಾಯಲ್ಲಿ ಹುಟ್ಟಿದವೇ?

ಫಾರಂ ಕಳಿಸುತ್ತಿಲ್ಲ. ಅಂದಾಜು ಮಾಡಿದ ಕ್ರಮ ಎಂಬ ಕಾಲಮ್ಮಿದೆ, ಅದರಲ್ಲಿ 'ಹೆಂಡತಿಯ ತಪ್ಪೊಪ್ಪಿಗೆಯಿಂದ' ಎಂದು ಬರೆಯಲಾಗುವುದಿಲ್ಲ. ಬಾ. ಅದೇ ರಸ್ತೆ, ಬೆಳಿಗ್ಗೆ ಏಳು. ಕಾರಿನ ಬ್ಯಾಟರಿ ಬದಲಿಸಿದ್ದೇನೆ. ನಿನ್ನೆ ಸ್ಟಾರ್ಟ್ ಮಾಡಿದರೆ ಮೂರು ಕೆಮ್ಮು ಕೆಮ್ಮಿ ಎದ್ದಿತು, ಎರಡು ಮೂಗಿನಲ್ಲೂ ಉಸಿರಾಡುತ್ತಿದೆ. ನೀನು ಓಡಿಸು. ಗಡಿಯಾರ ನಾನು ಹಿಡಿಯುತ್ತೇನೆ, ಮುಳ್ಳೂ ನಾನೇ ನೋಡುತ್ತೇನೆ. ಹಳೆಯ ಅಂಕಿಗೆ ಹೋಲಿಸಬೇಕಾದರೆ ತೂಕ ಮಾತ್ರ ಅಷ್ಟೇ ಇರಬೇಕು. ನಾನು ಈಗಲೂ ಎಪ್ಪತ್ತೇ. ಹಿಂದಿನ ಸೀಟಿಗೆ ಏನು ಮಾಡುವುದು ತಿಳಿಯಲಿಲ್ಲ. ಮರಳು ತುಂಬಿ ನಲವತ್ತೆಂಟು ಕೆ.ಜಿ.ಯ ಚೀಲ ಒಂದನ್ನು ಹೊಲಿಸಿದ್ದೇನೆ.

ಭಾವ


ಆಗಸ್ಟ್ 21

ಭಾವ,

ಇಪ್ಪತ್ತಾರರ ಬೆಳಿಗ್ಗೆ ಆರಕ್ಕೆ ಅಲ್ಲಿರುತ್ತೇನೆ. ಮನೆಯ ದಾರಿ ನೆನಪಿದೆ.

ಎರಡು ಕುದುರೆ ಕೇಳಿದಿರಿ. ಅದರಲ್ಲಿ ಒಂದು ನನ್ನ ಬಾಯಲ್ಲೇ ಹುಟ್ಟಿದ್ದು. ಇನ್ನೊಂದು ಅಕ್ಕನದು.

ಚೀಲ ಬಿಚ್ಚಿಸಿ ಇನ್ನೂ ಹದಿಮೂರು ಕೆ.ಜಿ. ಮರಳು ಹಾಕಿಸಿ. ಅಕ್ಕ ನಲವತ್ತೆಂಟು ಅಲ್ಲ, ಅರವತ್ತೊಂದು; ಆ ಭಾರಕ್ಕೆ ನಿಮ್ಮ ಲೆಕ್ಕದಲ್ಲಿ ಒಂದು ಕುದುರೆ ಏರುತ್ತದೆ. ಸೀಟ್ ಕವರಿನ ಗಂಟು ತೂಗಿಸಲು ಹೋದಾಗ ಮೂಲೆಯ ಅಂಗಡಿಯಲ್ಲಿ ತಮಾಷೆಗೆ ಹತ್ತಿದಳು. ಭಾವನಿಗೆ ಹೇಳಿದರೆ ನೋಡು ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ತಕ್ಕಡಿ ಸರಿಯಾಗಿಯೇ ಇತ್ತು. ಅದರ ಮೇಲೆ ನಿಮ್ಮದೇ ಮುದ್ರೆ ಇತ್ತು.

ಬೋಲ್ಟು